ಯಜಮಾನ್ರೇ, ಒಂದ್ನಾಲ್ಕು ಸಾಲು ಬರೀಬಾರ್ದಾ?

ನಿಮ್ಮ ಬಾಯಿಗೇನೂ ಬರಗಾಲ ಇಲ್ಲ ಬಿಡಿ. ಮದುವೆ ಮನೇಲಿ ಎರಡನೇ ಪಂಕ್ತಿಗೆ ಕೂತಾಗ ಪಕ್ಕದವರು ಸುಮ್ನೆ ಮರ್ಯಾದೆಗೆ ‘ಬಿಸಿನೆಸ್ ಹೇಗಿದೆ ಸಾರ್?’ ಅಂದ್ರೆ ಸಾಕು, ಶುರು ಹಚ್ಕೋತೀರಿ. ಕೊಯಮತ್ತೂರಿಂದ ಸೆಕೆಂಡ್‌ಹ್ಯಾಂಡ್ ಲೇತ್ ತಂದ ಲಾರಿ ಮಳೇಲಿ ಹೂತ್ಕೊಂಡಿದ್ದು, ಬ್ಯಾಂಕ್ ಮ್ಯಾನೇಜರ್ ಬೆಳಗಿಂದ ಸಂಜೆ ತನಕ ಬೆಂಚಿನ ಮೇಲೆ ಕೂರಿಸಿದ್ದು, ಅಡ ಇಟ್ಟ ಬಳೆ ಬಿಡಿಸ್ಕೊಂಡು ಬಂದ ದಿನ ಮನೆಯವರು ಅತ್ತಿದ್ದು... ಬಡಿಸೋರು ಪಾಯಸ ಹಿಡ್ಕೊಂಡು ಎರಡು ಸಲ ಬಂದು ಹೋದ್ರೂ ನಿಮ್ಮ ಕತೆ ಮುಗಿಯಲ್ಲ.

ಕತೆ ಚೆನ್ನಾಗೇ ಇರುತ್ತೆ, ಸುಳ್ಳು ಯಾಕೆ ಹೇಳ್ಲಿ? ಪಕ್ಕದವರು ಊಟ ಮರೆತು ಕೇಳ್ತಾರೆ. ಆದ್ರೆ ಅದೇ ನಿಮ್ಮ ಕೈಗೆ ಒಂದು ಪೆನ್ನು, ಒಂದು ಹಾಳೆ ಕೊಟ್ಟು ‘ನಿಮ್ಮ ಕಂಪನಿ ಬಗ್ಗೆ ನೀವೇ ನಾಲ್ಕು ಸಾಲು ಬರ್ಕೊಡಿ’ ಅಂದು ನೋಡಬೇಕು. ಬೆನ್ನು ನೆಟ್ಟಗಾಗುತ್ತೆ, ಗಂಟಲು ಸರಿ ಮಾಡ್ಕೋತೀರಿ (ಬರೆಯೋಕೆ ಗಂಟಲು ಯಾಕೆ ಬೇಕು ಅಂತ ಕೇಳಬೇಡಿ), ಆಮೇಲೆ ಬರುತ್ತೆ ನೋಡಿ ವಾಕ್ಯ!

‘ನಮ್ಮ ಸಂಸ್ಥೆಯು ಗುಣಮಟ್ಟ ಹಾಗೂ ಗ್ರಾಹಕರ ಸಂತೃಪ್ತಿಗೆ ಸದಾ ಬದ್ಧವಾಗಿದ್ದು, ಬದಲಾಗುತ್ತಿರುವ ಮಾರುಕಟ್ಟೆಯ ಸವಾಲುಗಳನ್ನು ಸಮರ್ಥವಾಗಿ ಎದುರಿಸುತ್ತಾ...’ ಸಾಕು ಸಾಕು! ಇದನ್ನ ಬರೆದೋರು ಯಾರ್ರೀ? ಮಳೇಲಿ ಲಾರಿ ತಳ್ಳಿದ ಆಸಾಮಿ ಎಲ್ಲಿ ಹೋದ?

ಬೇಕಾದ್ರೆ ಒಂದು ಪರೀಕ್ಷೆ ಮಾಡಿ. ಆ ವಾಕ್ಯದಿಂದ ನಿಮ್ಮ ಕಂಪನಿ ಹೆಸರು ಅಳಿಸಿ, ಬೋರ್‌ವೆಲ್ ಕೊರೆಯೋರ ಹೆಸರು ಹಾಕಿ. ಸರಿಹೋಯ್ತಾ? ನರ್ಸಿಂಗ್ ಹೋಮ್ ಹೆಸರು ಹಾಕಿ. ಉಪ್ಪಿನಕಾಯಿ, ಸಿಮೆಂಟು, ಚಿಟ್ ಫಂಡು... ಎಲ್ಲದಕ್ಕೂ ಸರಿಹೋಗುತ್ತೆ. ಊರಿನವರಿಗೆಲ್ಲ ಒಪ್ಪೋ ಮಾತು ನಿಮ್ಮದು ಹೇಗಾಗುತ್ತೆ ಹೇಳಿ?

ಅಂದಹಾಗೆ ಇದು ದೊಡ್ಡ ದೊಡ್ಡ ಸಾಹುಕಾರರಿಗೆ ಹೇಳ್ತಿರೋ ಮಾತು ಅಂತ ಪುಟ ತಿರುವಬೇಡಿ. ಪೀಣ್ಯದಲ್ಲಿ ಹನ್ನೆರಡು ಜನ ಇಟ್ಕೊಂಡು ಜಾಬ್ ವರ್ಕ್ ಮಾಡ್ತೀರಲ್ಲ, ನಿಮಗೂ ಅನ್ವಯ. ಹುಬ್ಬಳ್ಳಿ ಗೋಕುಲ್ ರೋಡಿನ ಶೋರೂಮಿನವರಿಗೂ, ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನವರಿಗೂ ಅನ್ವಯ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಪ್ರೆಸಿಡೆಂಟ್ರೇ, ಎಲ್ಲಿ ಎದ್ದು ಹೊರಟ್ರಿ? ಕೂತ್ಕೊಳ್ಳಿ.

ನಾಲ್ಕು ಜನ ನಿಮ್ಮನ್ನ ನಂಬ್ಕೊಂಡಿದ್ದಾರೆ ಅಂದ್ರೆ ನೀವು ಯಜಮಾನರೇ. ಅವರಿಗೆ ಆಗಾಗ, ತಪ್ಪದೆ, ನಿಮ್ಮದೇ ಮಾತಲ್ಲಿ ಒಂದಿಷ್ಟು ಬರೀಬೇಕು ಅನ್ನೋದಷ್ಟೇ ನನ್ನ ತಕರಾರು. ಈಗ ನೀವು ಏನಂತೀರಿ ಅಂತ ನಂಗೊತ್ತು. ‘ಟೈಮ್ ಎಲ್ಲಿದೆ ಮಾರಾಯ್ರೇ?’ ಅಂತೀರಿ.

ಟೈಮಾ? ಅಮೆರಿಕದ ಒಮಾಹಾದಲ್ಲಿ ವಾರೆನ್ ಬಫೆಟ್ ಅಂತ ಒಬ್ಬರಿದ್ದಾರೆ, ನಿಮಗೆ ಗೊತ್ತು. (ನಿಮ್ಮ ಭಾವಮೈದ ಶೇರ್ ಮಾರ್ಕೆಟ್ಟಲ್ಲಿ ದುಡ್ಡು ಕಳ್ಕೊಂಡಾಗಲೆಲ್ಲ ಅವರ ಹೆಸರು ಹೇಳ್ತಿರ್ತಾನೆ.) 1965ರಲ್ಲಿ ಬರ್ಕ್‌ಷೈರ್ ಹ್ಯಾಥವೇ ಅನ್ನೋ ಬಟ್ಟೆ ಮಿಲ್ಲು ಅವರ ಕೈಗೆ ಬಂತು. ಮಿಲ್ಲು 1985ರಲ್ಲಿ ಮುಚ್ಚಿಹೋಯ್ತು. ಆದ್ರೆ ಪ್ರತಿ ವರ್ಷ ಶೇರುದಾರರಿಗೆ ಅವರು ಬರೆಯೋ ಪತ್ರ ನಿಲ್ಲಲಿಲ್ಲ.

ಇನ್ಶೂರೆನ್ಸು, ರೈಲು, ಕರೆಂಟು, ಚಾಕೊಲೇಟು ಅಂತ ಎಷ್ಟೋ ಕಂಪನಿಗಳ ಯಜಮಾನಿಕೆ ಇದ್ರೂ ವರ್ಷಕ್ಕೊಂದು ಉದ್ದನೆ ಪತ್ರಕ್ಕೆ ಅವರಿಗೆ ಟೈಮ್ ಸಿಕ್ತು. 95ರ ವಯಸ್ಸಲ್ಲಿ, 2025ರ ನವೆಂಬರಿನಲ್ಲಿ, ಇನ್ಮೇಲೆ ನಾನು ವಾರ್ಷಿಕ ಪತ್ರ ಬರೆಯಲ್ಲ ಅಂತ ಹೇಳೋಕೂ ಒಂದು ಪತ್ರವನ್ನೇ ಬರೆದರು. ನಿಮಗೆ ಟೈಮಿಲ್ಲ. ಇವತ್ತು ಬೆಳಿಗ್ಗೆ ರೀಲ್ಸ್ ನೋಡ್ತಾ ಕಾಫಿ ಆರಿಸ್ಕೊಂಡಿದ್ದು ಯಾರು ಅಂತ ನಾನು ಕೇಳಲ್ಲ ಬಿಡಿ.

ಬಫೆಟ್ ಗುಟ್ಟು ಏನು ಗೊತ್ತಾ? ಅವರೇ ಹೇಳ್ಕೊಂಡಿದ್ದಾರೆ. ಪತ್ರ ಬರೆಯೋಕೆ ಕೂತಾಗ ತನ್ನ ಅಕ್ಕ-ತಂಗಿ, ಡೋರಿಸ್ ಮತ್ತು ಬರ್ಟಿ, ಎದುರಿಗಿದ್ದಾರೆ ಅಂದ್ಕೋತಿದ್ದರಂತೆ. ಇಬ್ಬರೂ ಜಾಣೆಯರು. ಅವರ ದುಡ್ಡು ಇದೇ ಕಂಪನೀಲಿತ್ತು, ಆದ್ರೆ ಅಕೌಂಟ್ಸ್ ಭಾಷೆ ಬರ್ತಿರಲಿಲ್ಲ. ಅವರಿಗೆ ಅರ್ಥವಾಗೋ ಹಾಗೆ ಹೇಳಿದ್ರೆ ಲೋಕಕ್ಕೆಲ್ಲ ಅರ್ಥವಾದ ಹಾಗೇನೇ.

ನಿಮಗೂ ಒಬ್ಬರು ಅಕ್ಕ ಇದ್ದಾರಲ್ಲ, ತಿಪಟೂರಲ್ಲೋ ಸಾಗರದಲ್ಲೋ? ತೆಂಗಿನಕಾಯಿ ಮಾರಿದ ದುಡ್ಡಲ್ಲಿ ಎರಡು ಲಕ್ಷ ತೆಗೆದು ‘ಇಟ್ಕೋ, ಆದಾಗ ಕೊಡು’ ಅಂದೋರು? ಅವರಿಗೆ ‘ನಮ್ಮ ಸಂಸ್ಥೆಯು ಸವಾಲುಗಳನ್ನು ಸಮರ್ಥವಾಗಿ’ ಅಂತ ಬರೆದು ನೋಡಿ. ‘ಏನೋ ಇದು, ಹುಷಾರಾಗಿದ್ದೀಯಾ?’ ಅಂತ ಫೋನ್ ಮಾಡ್ತಾರೆ.

ಇನ್ನೊಂದು ಮಾತು. ಬಫೆಟ್ ಪತ್ರಗಳಲ್ಲಿ ಜನ ಹುಡುಕಿ ಓದೋದು ಅವರು ಗೆದ್ದ ಕತೆಗಿಂತ ಜಾಸ್ತಿ ಎಡವಿದ ಕತೆ. 1993ರಲ್ಲಿ ಡೆಕ್ಸ್‌ಟರ್ ಅನ್ನೋ ಶೂ ಕಂಪನಿ ಕೊಂಡ್ಕೊಂಡರು. 43.3 ಕೋಟಿ ಡಾಲರ್, ಅದೂ ತಮ್ಮ ಕಂಪನಿ ಶೇರು ಕೊಟ್ಟು. ಶೂ ವ್ಯಾಪಾರ ನೆಲ ಕಚ್ಚಿತು, ಕೊಟ್ಟ ಶೇರಿನ ಬೆಲೆ ಮಾತ್ರ ಏರ್ತಾನೇ ಹೋಯ್ತು. ನಾನು ಮಾಡಿದ ಅತಿ ಕೆಟ್ಟ ವ್ಯವಹಾರ ಇದು ಅಂತ ಅವರೇ ಬರೆದರು, ಅದೂ ಒಂದು ಸಲ ಅಲ್ಲ.

2025ರ ಫೆಬ್ರವರಿ ಪತ್ರದಲ್ಲಂತೂ ಲೆಕ್ಕಾನೇ ಕೊಟ್ಟರು: 2019ರಿಂದ 2023ರವರೆಗಿನ ಪತ್ರಗಳಲ್ಲಿ ‘ತಪ್ಪು’ ಅನ್ನೋ ಅರ್ಥದ ಮಾತನ್ನ 16 ಸಲ ಬಳಸಿದ್ದೀನಿ, ಎಷ್ಟೋ ದೊಡ್ಡ ಕಂಪನಿಗಳು ಆ ಅವಧೀಲಿ ಒಂದ್ಸಲವೂ ಬಳಸಿಲ್ಲ ಅಂತ. ನಿಮ್ಮಲ್ಲಿ ತಪ್ಪು ಆಗೋದೇ ಇಲ್ಲ, ಗೊತ್ತು. ನಿಮ್ಮಲ್ಲಿ ಆಗೋದು ‘ಪ್ರತಿಕೂಲ ಮಾರುಕಟ್ಟೆ ಪರಿಸ್ಥಿತಿ’. (ಲಾಭ ಬಂದ್ರೆ ನಿಮ್ಮ ದೂರದೃಷ್ಟಿ, ನಷ್ಟ ಬಂದ್ರೆ ಮಾರ್ಕೆಟ್ಟಿನ ದೃಷ್ಟಿದೋಷ.)

‘ಸರಿ, ಆದ್ರೆ ನಂಗೆ ಬರೆಯೋಕೆ ಬರಲ್ವಲ್ಲ?’ ಅಂತೀರಾ? ಇದು ಎರಡನೇ ನೆಪ. ಹೋಟೆಲ್ ಲೋಕದಲ್ಲಿ ಬಿಲ್ ಮ್ಯಾರಿಯಟ್ ಅಂತ ಒಬ್ಬರು. 2007ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕಂಪನಿ ಪರವಾಗಿ ಇಂಟರ್ನೆಟ್ಟಲ್ಲಿ ತಪ್ಪದೆ ಬರೆಯೋಕೆ ಶುರು ಮಾಡಿದರು. ಅವರಿಗೆ ಕಂಪ್ಯೂಟರ್ ಸಹವಾಸವೇ ಇರಲಿಲ್ಲ. ಏನ್ಮಾಡಿದರು? ರೆಕಾರ್ಡರ್ ಮುಂದೆ ಕೂತು ಮಾತಾಡಿದರು, ಆಫೀಸಿನವರು ಅದನ್ನ ಟೈಪ್ ಮಾಡಿದರು. ಅಷ್ಟೇ.

ಈಗ ನಿಮ್ಮ ವಾಟ್ಸ್ಯಾಪ್ ತೆಗೀರಿ. ನಿನ್ನೆ ಸೂಪರ್‌ವೈಸರಿಗೆ ಕಳಿಸಿದ ವಾಯ್ಸ್ ನೋಟ್ ಎಷ್ಟುದ್ದ ಇದೆ? ನಾಲ್ಕು ನಿಮಿಷ! ಅದರಲ್ಲಿ ಬೈಗುಳ ಒಂದು ನಿಮಿಷ ಕಳೀರಿ, ‘ಅರ್ಥ ಆಯ್ತಾ?’ ಅರ್ಧ ನಿಮಿಷ ಕಳೀರಿ. ಉಳಿದಿದ್ದನ್ನ ಬರೆದ್ಕೊಂಡ್ರೆ ಎಷ್ಟು ಚಂದದ ಒಂದು ಪುಟ ಆಗುತ್ತೆ ಗೊತ್ತಾ? ಮಾಲು ಯಾಕೆ ವಾಪಸ್ ಬಂತು, ಮುಂದಿನ ಸಲ ಏನು ನೋಡ್ಕೋಬೇಕು, ಎಲ್ಲಾ ಅದರಲ್ಲೇ ಇದೆ. ನೀವು ಬರಹಗಾರರೇ ಸ್ವಾಮಿ, ಬರೀತಿಲ್ಲ ಅಷ್ಟೇ.

ಮೂರನೇ ನೆಪ ಸ್ವಲ್ಪ ನಾಜೂಕು. ‘ನಾನ್ಯಾಕೆ ಬರೀಲಿ? ಅದಕ್ಕೇಂತ ಒಬ್ಬ ಹುಡುಗಿ ಇದ್ದಾಳೆ.’ ಹೌದು ಪಾಪ, ಇದ್ದಾಳೆ. ಕಾಲೇಜು ಮುಗಿಸಿ ಆರು ತಿಂಗಳಾಗಿದೆ. ನಿಮ್ಮ ಫ್ಯಾಕ್ಟರಿ ಒಳಗೆ ಒಂದೇ ಸಲ ಹೋಗಿದ್ದಾಳೆ, ಅದೂ ಆಯುಧಪೂಜೆಗೆ ಸೀರೆ ಉಟ್ಕೊಂಡು ಫೋಟೋ ತೆಗೆಯೋಕೆ. ಅವಳು ನಿಮ್ಮ ಹೆಸರಲ್ಲಿ ‘ಮೂವತ್ತು ವರ್ಷದ ನನ್ನ ಪಯಣದಲ್ಲಿ’ ಅಂತ ಬರೀಬೇಕು. ಅವಳಿಗೆ ವಯಸ್ಸೇ ಇಪ್ಪತ್ಮೂರು!

ಈಗಂತೂ ಅವಳೂ ಬರೆಯಲ್ಲ, ಎಐಗೆ ಹೇಳ್ತಾಳೆ. ಎಐ ಬರೆದಿದ್ದನ್ನ ಅವಳು ಓದಲ್ಲ, ಅವಳು ಕಳಿಸಿದ್ದನ್ನ ನೀವು ಓದಲ್ಲ, ನೀವು ಹಾಕಿದ್ದನ್ನ ಗಿರಾಕಿ ಓದಲ್ಲ. ಆದ್ರೂ ಕೆಳಗೆ ನಿಮ್ಮ ನಗುಮುಖದ ಫೋಟೋ, ನಲವತ್ತು ಲೈಕು. (ಅದರಲ್ಲಿ ಮೂವತ್ತೆಂಟು ನಿಮ್ಮ ಸ್ಟಾಫು. ಇನ್ಕ್ರಿಮೆಂಟ್ ತಿಂಗಳಲ್ಲಿ ನಲವತ್ತೂ ಸ್ಟಾಫು.)

ಟೈಪ್ ಮಾಡೋಕೆ ಬೇರೆಯವರು ಇರಲಿ, ಕಾಗುಣಿತ ತಿದ್ದೋಕೂ ಇರಲಿ. ಬಫೆಟ್ ಪತ್ರಗಳನ್ನೂ 1977ರಿಂದ ‘ಫಾರ್ಚೂನ್’ ಪತ್ರಿಕೆಯ ಕ್ಯಾರಲ್ ಲೂಮಿಸ್ ಅನ್ನೋರು ತಿದ್ದಿಕೊಡ್ತಿದ್ದರು. ಗೆಳೆತನಕ್ಕೆ, ಸಂಬಳಕ್ಕಲ್ಲ. ಆದ್ರೆ ಯೋಚನೆ ಮಾಡೋದನ್ನ ಇನ್ನೊಬ್ಬರಿಗೆ ವಹಿಸೋಕಾಗುತ್ತಾ? ಬರೆಯೋದು ಅಂದ್ರೆ ಮುಕ್ಕಾಲು ಪಾಲು ಅದೇ ಕೆಲಸ ಅಲ್ವಾ?

ಅಮೆಜಾನಿನ ಜೆಫ್ ಬೆಜೋಸ್‌ಗೆ ಇದು ಹೊಳೀತು. 2004ರಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಮೀಟಿಂಗಿನಿಂದ ಪವರ್‌ಪಾಯಿಂಟನ್ನೇ ಓಡಿಸಿಬಿಟ್ಟರು. ಯಾರಿಗೇನು ಹೇಳಬೇಕಿದ್ರೂ ಪೂರ್ತಿ ವಾಕ್ಯಗಳಲ್ಲಿ ಬರ್ಕೊಂಡು ಬರಬೇಕು, ಹೆಚ್ಚಂದ್ರೆ ಆರು ಪುಟ. ಮೀಟಿಂಗ್ ಶುರುವಾದಾಗ ಯಾರೂ ಮಾತಾಡೋ ಹಾಗಿಲ್ಲ. ದೊಡ್ಡ ದೊಡ್ಡ ಸಂಬಳದವರೆಲ್ಲ ಪರೀಕ್ಷೆ ಹಾಲಿನಲ್ಲಿ ಕೂತ ಹಾಗೆ ಸುಮ್ನೆ ಕೂತು ಅದನ್ನ ಓದಬೇಕು. ಆಮೇಲೆ ಚರ್ಚೆ.

ಯಾಕೆ ಅಂತೀರಾ? ಪರದೆ ಮೇಲೆ ‘ವಿಸ್ತರಣೆ’ ಅಂತ ಒಂದು ಚುಕ್ಕಿ, ‘ಬೆಳವಣಿಗೆ’ ಅಂತ ಒಂದು ಚುಕ್ಕಿ ಹಾಕಿಬಿಟ್ರೆ ಎಲ್ಲರೂ ತಲೆ ಆಡಿಸ್ತಾರೆ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗೋದು ಹೇಗೆ ಅಂತ ಯಾರೂ ಕೇಳಲ್ಲ. ಪೂರ್ತಿ ವಾಕ್ಯ ಬರೆಯೋಕೆ ಕೂತ್ರೆ ಮಾತ್ರ ‘ಆದ್ದರಿಂದ’, ‘ಯಾಕೆಂದ್ರೆ’ ಎಲ್ಲಾ ಬಂದು ಬಾಗಿಲು ತಟ್ಟುತ್ವೆ.

ನೀವೇ ಮಾಡಿ ನೋಡಿ. ‘ಈ ವರ್ಷ ನಾವು ತುಮಕೂರಲ್ಲಿ ಹೊಸ ಬ್ರ್ಯಾಂಚ್ ತೆಗೀತಿದ್ದೀವಿ, ಯಾಕೆಂದ್ರೆ...’ ನಿಂತ್ರಾ? ಯಾಕೆಂದ್ರೆ ಏನು? ಅಲ್ಲಿ ಗಿರಾಕಿ ಜಾಸ್ತಿ ಇದ್ದಾರಾ? ಗೊತ್ತಿಲ್ಲ. ಬಾಡಿಗೆ ಕಮ್ಮಿಯಾ? ವಿಚಾರಿಸಿಲ್ಲ. ನಿಜ ಹೇಳಿ, ನಿಮ್ಮ ಭಾವಮೈದನ ಸೈಟು ಅಲ್ಲಿದೆ. ಒಂದು ‘ಯಾಕೆಂದ್ರೆ’ ನಿಮ್ಮ ಎಷ್ಟು ಲಕ್ಷ ಉಳಿಸ್ತು ನೋಡಿದ್ರಾ! ಆಡಿಟರ್ ಆಗಿದ್ರೆ ಇದಕ್ಕೆ ಫೀಸ್ ಕೇಳಿರೋರು.

ನಾಲ್ಕನೇ ನೆಪ ಹೇಳೋವಾಗ ನೀವು ದನಿ ತಗ್ಗಿಸ್ತೀರಿ. ‘ಎಲ್ಲಾ ಬರೆದುಬಿಟ್ರೆ ನಮ್ಮ ಗುಟ್ಟು ರಟ್ಟಾಗಲ್ವಾ?’ ಅಯ್ಯೋ ದೇವರೇ! ಯಾವ ಗುಟ್ಟು? ನಿಮ್ಮ ಡ್ರೈವರ್ರೂ ನಿಮ್ಮ ಕಾಂಪಿಟಿಟರ್ ಡ್ರೈವರ್ರೂ ದಿನಾ ಒಂದೇ ಗೂಡಂಗಡೀಲಿ ಬೈ-ಟೂ ಟೀ ಕುಡೀತಾರೆ. ನಿಮ್ಮ ಹೊಸ ಆರ್ಡರ್ ಯಾವುದು, ಯಾವ ಪಾರ್ಟಿ ಪೇಮೆಂಟ್ ನಿಲ್ಲಿಸಿದ್ದಾನೆ, ಮಗನ ಜೊತೆ ನಿಮಗೆ ಯಾಕೆ ಮಾತಿಲ್ಲ, ಎಲ್ಲಾ ಅವರಿಗೆ ಗೊತ್ತು.

ಗೊತ್ತಿಲ್ಲದೇ ಇರೋರು ನಿಮ್ಮ ಸ್ವಂತ ಜನ. ಮೂರನೇ ಶಿಫ್ಟ್ ಯಾಕೆ ನಿಂತಿದೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹೇಳದೇ ಇದ್ರೆ ಅವರು ಸುಮ್ನಿರ್ತಾರಾ? ಕ್ಯಾಂಟೀನಲ್ಲಿ ಅವರೇ ಒಂದು ಕತೆ ಕಟ್ತಾರೆ. ಆ ಕತೇಲಿ ಫ್ಯಾಕ್ಟರಿ ಮಾರಾಟ ಆಗಿರುತ್ತೆ, ನೀವು ದುಬೈಗೆ ಓಡಿಹೋಗಿರ್ತೀರಿ. ಪಾಪ ನೀವು ಮೇಲುಗಡೆ ಕ್ಯಾಬಿನ್ನಲ್ಲಿ ಜಿಎಸ್‌ಟಿ ನೋಟೀಸ್ ಹಿಡ್ಕೊಂಡು ಕೂತಿರ್ತೀರಿ.

ಸರಿ, ನೆಪಗಳೆಲ್ಲ ಮುಗಿದ್ವು. ನೀವು ಒಪ್ಪಿದ್ರಿ ಅಂತಾನೇ ಇಟ್ಕೊಳ್ಳೋಣ. ಈಗ ಬರುತ್ತೆ ನಿಮ್ಮ ನಿಜವಾದ ಕಾಯಿಲೆ: ಆರಂಭಶೂರತ್ವ! ಯುಗಾದಿಗೆ ‘ಅಧ್ಯಕ್ಷರ ಅಂಗಳದಿಂದ’ ಅಂತ ಹೆಸರಿಟ್ಟು ಧಾಂ ಧೂಂ ಶುರು. ಮೊದಲ ಕಂತಿಗೆ ಹಾರ ಹಾಕಿದ ಫೋಟೋ, ಕೊನೇಲಿ ‘ಮುಂದುವರಿಯುವುದು’. ಎರಡನೇದು ಆಷಾಢದಲ್ಲಿ. ಮೂರನೇದು? ಅದು ಇವತ್ತಿಗೂ ‘ಮುಂದುವರಿಯುವುದು’ ಅಂತಾನೇ ಇದೆ.

ಇದಕ್ಕೊಂದು ಮದ್ದು ನಮ್ಮ ಕರಾವಳೀಲೇ ಇದೆ. ಉಡುಪೀಲಿ 1925ರಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತಲ್ಲ (2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರ್ಕೊಂಡಿತಲ್ಲ, ಅದೇ), ಡಾ. ಟಿ.ಎಂ.ಎ. ಪೈಗಳು ಜೊತೆಗಾರರೊಂದಿಗೆ ಕಟ್ಟಿದ ಬ್ಯಾಂಕು. 1928ರಲ್ಲಿ ಅವರು ಪಿಗ್ಮಿ ಅಂತ ಒಂದು ಉಳಿತಾಯ ಯೋಜನೆ ಶುರು ಮಾಡಿದರು. ಏಜೆಂಟ್ ದಿನಾ ಮನೆ ಬಾಗಿಲಿಗೇ ಬರೋನು. ಎರಡಾಣೆ ಇದ್ರೂ ಸಾಕು, ಈಸ್ಕೊಂಡು ಪುಸ್ತಕದಲ್ಲಿ ಬರ್ಕೊಂಡು ಹೋಗೋನು.

ಎರಡಾಣೇಲಿ ಏನಾಗುತ್ತೆ ಅಂತ ಆವಾಗಲೂ ನಕ್ಕೋರು ಇದ್ದಿರಬೇಕು. ಆದ್ರೆ ಮೀನು ಮಾರೋ ಹೆಂಗಸಿಗೆ, ಮಗ್ಗದವನಿಗೆ, ಬೀಡಿ ಕಟ್ಟೋರಿಗೆ ಮಗಳ ಮದುವೆ ಹೊತ್ತಿಗೆ, ಮಳೆಗಾಲದಲ್ಲಿ ಮಾಡು ಸೋರೋ ಹೊತ್ತಿಗೆ ಕೈಗೆ ಒಂದು ಗಂಟು ಬರೋದು. ಗಂಟು ದೊಡ್ಡದಾಗಿದ್ದು ಎರಡಾಣೆಯಿಂದ ಅಲ್ಲ, ‘ದಿನಾ’ ಅನ್ನೋದ್ರಿಂದ.

ನೀವು ಬರೆಯೋ ನಾಲ್ಕು ಸಾಲೂ ಹಾಗೇ. ಇವತ್ತು ಬರೆದಿದ್ದಕ್ಕೆ ಇವತ್ತೇ ಆರ್ಡರ್ ಬರಲ್ಲ. ‘ಲೀಡ್ ಎಷ್ಟು ಬಂತು?’ ಅಂತ ಆ ಹುಡುಗೀನ ಸೋಮವಾರ ಕೇಳಬೇಡಿ. ಆದ್ರೆ ಒಂದು ದಿನ ಬರುತ್ತೆ. ಬಾಯ್ಲರ್ ಕೆಟ್ಟಿರುತ್ತೆ, ಮಾಲು ಕೈಕೊಟ್ಟಿರುತ್ತೆ, ಟಿವಿಯೋನು ಗೇಟ್ ಮುಂದೆ ಮೈಕ್ ಹಿಡ್ಕೊಂಡು ನಿಂತಿರ್ತಾನೆ. ಆವತ್ತು ನೀವು ‘ನನ್ನ ಮಾತು ನಂಬಿ’ ಅನ್ನಬೇಕಾಗುತ್ತೆ. ಖಾತೇಲಿ ಏನಾದ್ರೂ ಇದ್ರೆ ತಾನೇ ಡ್ರಾ ಮಾಡೋಕಾಗೋದು?

ಹಾಗಂತ ಪುಸ್ತಕದಲ್ಲಿ ಎಂಟ್ರಿ ಮಾತ್ರ ಹಾಕ್ಕೊಂಡು ಕಾಸು ಹಾಕದೇ ಇದ್ರೆ? ಅದಕ್ಕೂ ಉದಾಹರಣೆ ದೂರ ಇಲ್ಲ, ಹೈದರಾಬಾದಲ್ಲೇ ಇದೆ. ಸತ್ಯಂ ಕಂಪ್ಯೂಟರ್ಸ್ ನೆನಪಿದೆಯಲ್ಲ? ವರ್ಷ ವರ್ಷ ಚಂದದ ರಿಪೋರ್ಟು, ಚಂದದ ಮಾತು. ಆಡಳಿತ ಬಹಳ ಚೆನ್ನಾಗಿದೆ ಅಂತ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ! (ನಿಮ್ಮ ರಿಸೆಪ್ಷನ್ನಿನ ಗಾಜಿನ ಕಪಾಟಲ್ಲಿರೋ ಮೊಮೆಂಟೋ ಕಡೆ ಒಂದ್ಸಲ ನೋಡ್ಕೊಳ್ಳಿ.)

2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗರಾಜು ಬೋರ್ಡಿಗೆ ಒಂದು ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕೀಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ. ಹುಲಿ ಸವಾರಿ ಮಾಡ್ತಿದ್ದೆ, ಅದರ ಬಾಯಿಗೆ ಬೀಳದೆ ಇಳಿಯೋದು ಹೇಗಂತ ಗೊತ್ತಾಗಲಿಲ್ಲ ಅನ್ನೋ ಅರ್ಥದ ಮಾತೂ ಅದರಲ್ಲಿತ್ತು. ಭಾಷೆ ನೋಡಿ, ಎಷ್ಟು ನೇರ, ಎಷ್ಟು ಸ್ಪಷ್ಟ! ಬರೆಯೋಕೆ ಬರ್ತಿರಲಿಲ್ಲ ಅಂತ ಹೇಳೋ ಹಾಗೇ ಇಲ್ಲ. ನಿಜ ಬರೆದಿದ್ದು ಮಾತ್ರ ರಾಜೀನಾಮೆ ದಿನ.

‘ನೋಡಿದ್ರಾ, ಬರೆಯೋದೇ ಅಪಾಯ’ ಅಂತ ಎದ್ದು ಹೊರಡಬೇಡಿ. ಅಪಾಯ ಇರೋದು ಹೇಗೆ ಬರೀತೀರಿ ಅನ್ನೋದ್ರಲ್ಲಿ. ನೋಕಿಯಾ ಫೋನ್ ಇಟ್ಕೊಂಡಿದ್ರಲ್ಲ, ಹಾವಿನ ಆಟ ಆಡ್ತಾ? ಆ ಕಂಪನಿಗೆ ಸ್ಟೀಫನ್ ಇಲಾಪ್ ಅಂತ ಯಜಮಾನರು ಬಂದರು. 2011ರ ಫೆಬ್ರವರೀಲಿ ನೌಕರರಿಗೆ ಬರೆದರು: ನಾವು ಸಮುದ್ರದ ಮಧ್ಯೆ ಹೊತ್ತಿ ಉರೀತಿರೋ ತೈಲಬಾವಿ ಅಟ್ಟಣೆ ಮೇಲೆ ನಿಂತಿದ್ದೀವಿ ಅಂತ.

ಮಾತು ನಿಜವೇ, ಪ್ರಾಮಾಣಿಕವೂ ಹೌದು. ಆದ್ರೆ ಕಾಗದ ಹೊರಗೆ ಸೋರಿತು. ಅಂಗಡೀಲಿ ಇನ್ನೂ ಮಾರ್ತಿದ್ದ ಫೋನಿನ ಬಗ್ಗೆ ಯಜಮಾನನೇ ‘ಬೆಂಕಿ ಬಿದ್ದಿದೆ’ ಅಂದ್ರೆ ಯಾವ ಗಿರಾಕಿ ಕೊಂಡ್ಕೋತಾನೆ ಹೇಳಿ? ನೌಕರರಿಗೆ ಅಂತ ಬರೆದಿದ್ದನ್ನ ಗಿರಾಕಿಯೂ ಓದ್ತಾನೆ, ಸಾಲ ಕೊಟ್ಟೋನೂ ಓದ್ತಾನೆ. (ನಿಮ್ಮ ಸ್ಟಾಫ್ ಗ್ರೂಪಿನ ಸ್ಕ್ರೀನ್‌ಶಾಟ್ ನಿಮಗೇ ಎಷ್ಟು ಸಲ ವಾಪಸ್ ಬಂದಿಲ್ಲ?)

ಅದೇ ಇಲಾಪ್ ಆಮೇಲೆ ಮೈಕ್ರೋಸಾಫ್ಟಿಗೆ ಹೋದಾಗ, 2014ರ ಜುಲೈನಲ್ಲಿ, ಇನ್ನೊಂದು ಕಾಗದ ಬರೆದರು. ‘ಹಲೋ ದೇರ್’ ಅಂತ ಸಲಿಗೆಯಿಂದ ಶುರು. ಆಮೇಲೆ ತಂತ್ರ, ಹೊಂದಾಣಿಕೆ, ಗಮನ ಅಂತ ಪ್ಯಾರಾ ಮೇಲೆ ಪ್ಯಾರಾ. ಎಷ್ಟೋ ಪ್ಯಾರಾ ದಾಟಿದ ಮೇಲೆ ಒಂದು ಮೂಲೇಲಿ, 12,500 ಜನರ ಕೆಲಸ ಹೋಗುತ್ತೆ ಅಂತ! ಓದ್ತಾ ಕೂತ ನೌಕರನ ಹೊಟ್ಟೇಲಿ ಏನಾಗಿರಬೇಡ?

ನೀವು ಮಾಡಲ್ಲ ಅಂತೀರಾ? ಬೋನಸ್ ಇಲ್ಲ ಅನ್ನೋದನ್ನ ಹೋದ ದೀಪಾವಳೀಲಿ ಹೇಗೆ ಹೇಳಿದ್ರಿ ನೆನಪಿಸ್ಕೊಳ್ಳಿ. ‘ಕುಟುಂಬದಂತಿರುವ ನಮ್ಮ ಸಂಸ್ಥೆಯ ಆತ್ಮೀಯ ಸದಸ್ಯರೇ’ ಅಂತ ಶುರು ಮಾಡಿದ್ರಿ. ಆ ಒಂದು ಸಾಲಿಗೇ ಶಾಪ್ ಫ್ಲೋರಿನ ಹಳಬರು ಕಾಗದ ಮಡಚಿ ಜೇಬಿಗಿಟ್ಕೊಂಡರು. ಕುಟುಂಬ ಅಂತ ಬಂತು ಅಂದ್ರೆ ದುಡ್ಡಿಲ್ಲ ಅಂತಲೇ ಅವರಿಗೆ ಅರ್ಥ. ಕೆಟ್ಟ ಸುದ್ದಿ ಮೊದಲ ಸಾಲಲ್ಲಿ ಹೇಳಿ, ಕಾರಣ ಎರಡನೇ ಸಾಲಲ್ಲಿ ಹೇಳಿ. ಪ್ರೀತಿ ವಿಶ್ವಾಸ ಆಮೇಲೆ ಜಾಗ ಉಳಿದ್ರೆ ಹಾಕಿ.

ಇನ್ನು ಏನು ಬರೀಬೇಕು ಅನ್ನೋ ಪ್ರಶ್ನೆ. ಮಂತ್ರಿಗಳ ಜೊತೆ ಶಾಲು ಹೊದ್ದ ಫೋಟೋ ಬೇಡ. ರಿಬ್ಬನ್ ಕತ್ತರಿಸೋದು ಬೇಡ. (ಕತ್ತರಿ ಹಿಡಿದಾಗ ನೀವು ಕ್ಯಾಮೆರಾ ನೋಡ್ತೀರೇ ಹೊರತು ರಿಬ್ಬನ್ ನೋಡಲ್ಲ, ಯಾವತ್ತಾದ್ರೂ ಬೆರಳು ಹೋಗುತ್ತೆ.) ಕಣ್ಣೆದುರಿಗೆ ಇರೋ ಸಣ್ಣ ವಿಷಯ ಬರೀರಿ. ಜೆ.ಆರ್.ಡಿ. ಟಾಟಾ ಹಾಗೆ.

ಏರ್ ಇಂಡಿಯಾ ಅಧ್ಯಕ್ಷರಾಗಿದ್ದಾಗ ಟಾಟಾ ತಮ್ಮದೇ ವಿಮಾನದಲ್ಲಿ ಓಡಾಡ್ತಾ ಕಂಡಿದ್ದನ್ನೆಲ್ಲ ಬರೆದು ಕಳಿಸ್ತಿದ್ದರು. ಸೀಟು ಸರಿಯಾಗಿ ಹಿಂದಕ್ಕೆ ಒರಗುತ್ತಾ ಅನ್ನೋದನ್ನೂ ಬಿಡ್ತಿರಲಿಲ್ಲ. ಒಂದ್ಸಲ ಬರೆದರು, ವಿಮಾನದಲ್ಲಿ ಕೊಟ್ಟ ಟೀ ಬಣ್ಣಕ್ಕೂ ಕಾಫಿ ಬಣ್ಣಕ್ಕೂ ವ್ಯತ್ಯಾಸವೇ ಕಾಣಲ್ಲ ಅಂತ. ಅಷ್ಟು ದೊಡ್ಡ ಮನುಷ್ಯ, ಟೀ ಬಣ್ಣ ನೋಡಿ ಬರೆದರು! ನಿಮ್ಮ ಕ್ಯಾಂಟೀನ್ ಟೀ ಕುಡಿದು ನಿಮಗೆ ಎಷ್ಟು ದಿನ ಆಯ್ತು?

ಬರೆಯೋ ಯಜಮಾನನಿಗೆ ಜನವೂ ಬರೀತಾರೆ, ಇದು ಇನ್ನೊಂದು ಲಾಭ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದ್ತಿದ್ದ ಹುಬ್ಬಳ್ಳಿ ಹುಡುಗಿಯೊಬ್ಬಳು ಟಾಟಾದವರ ಟೆಲ್ಕೋ ಕಂಪನಿ ಜಾಹೀರಾತು ನೋಡಿದಳು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತಿತ್ತು. ಸಿಟ್ಟು ಬಂತು. ಒಂದು ಪೋಸ್ಟ್‌ಕಾರ್ಡ್ ತಗೊಂಡು ಸೀದಾ ಜೆ.ಆರ್.ಡಿ. ಟಾಟಾ ಅವರಿಗೇ ಬರೆದುಹಾಕಿದಳು. ಪುಣೆಗೆ ಸಂದರ್ಶನಕ್ಕೆ ಬಾ ಅಂತ ಟೆಲಿಗ್ರಾಂ ಬಂತು, ಕೆಲಸವೂ ಸಿಕ್ತು.

ಆ ಹುಡುಗಿ ಯಾರು ಅಂತ ನಿಮಗೆ ಗೊತ್ತೇ ಇದೆ, ಸುಧಾ ಮೂರ್ತಿ. ಈ ಕತೇನ ನೀವು ಮಕ್ಕಳಿಗೆ ಹೇಳೋವಾಗ ಹುಡುಗಿ ಧೈರ್ಯ ಹೊಗಳ್ತೀರಿ, ಹೊಗಳಬೇಕಾದ್ದೇ. ಆದ್ರೆ ಯಜಮಾನನ ಟಪಾಲು ಡಬ್ಬಿ ಕಡೇನೂ ಸ್ವಲ್ಪ ನೋಡಿ. ಪುಡಿಗಾಸಿನ ಕಾಗದಕ್ಕೂ ಅಲ್ಲಿ ಬೆಲೆ ಇತ್ತು. ನಿಮ್ಮ ಗೇಟಿನ ಪಕ್ಕ ‘ಸಲಹಾ ಪೆಟ್ಟಿಗೆ’ ಅಂತ ಒಂದಿದೆಯಲ್ಲ, ಅದರ ಬೀಗದ ಕೈ ಯಾರ ಹತ್ರ ಇದೆ?

ಹೋಟೆಲಿನವರಿಗೆ ಒಂದು ಸುಲಭದ ವಿಷಯ ಕೊಡ್ತೀನಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ? ಆವಾಗ ನೀವೇನು ಮಾಡಿದ್ರಿ? ಬೋರ್ಡಿನ ಮೇಲೆ ಕಾಫಿ ರೇಟಿಗೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಹೊಸ ರೇಟು ಗೀಚಿ ಸುಮ್ನಾದ್ರಿ. ಸ್ಟಿಕ್ಕರ್ ತುದಿ ಎದ್ದು ಹಳೇ ರೇಟು ಇಣುಕ್ತಿತ್ತು. ಗಿರಾಕಿ ದಿನಾ ಅದನ್ನೇ ನೋಡಿ ಗೊಣಗ್ತಿದ್ದ.

ಅದರ ಬದಲು ಕ್ಯಾಶ್ ಕೌಂಟರ್ ಪಕ್ಕ ಒಂದು ಹಾಳೆ ಅಂಟಿಸಿದ್ರೆ? ‘ನಾಳೆಯಿಂದ ಕಾಫಿಗೆ 2 ರೂಪಾಯಿ ಜಾಸ್ತಿ. ಹಾಲಿನ ರೇಟು ಏರಿದೆ, ಕಾಫಿಪುಡಿ ರೇಟು ಕೇಳಲೇಬೇಡಿ. ಡಿಕಾಕ್ಷನ್ ತೆಳ್ಳಗೆ ಮಾಡೋ ದಾರಿನೂ ಇತ್ತು, ಮನಸ್ಸು ಒಪ್ಪಲಿಲ್ಲ. ಇಂತಿ, ಓನರ್.’ ಅಷ್ಟೇ ಸ್ವಾಮಿ! ಗಿರಾಕಿ ಓದ್ತಾನೆ, ನಗ್ತಾನೆ, 2 ರೂಪಾಯಿ ಜಾಸ್ತಿ ಕೊಡ್ತಾನೆ. ಮರುದಿನ ಡಿಕಾಕ್ಷನ್ ಗಟ್ಟಿ ಇದೆಯಾ ಅಂತ ನಾಲಿಗೆ ಮೇಲಿಟ್ಟು ನೋಡ್ತಾನೆ. ಈಗ ನೀವು ತೆಳ್ಳಗೆ ಮಾಡೋ ಹಾಗೇ ಇಲ್ಲ! (ಬರೆಯೋದ್ರಿಂದ ಇದೊಂದು ತೊಂದರೆ. ಬರೆದ ಹಾಗೆ ನಡ್ಕೋಬೇಕಾಗುತ್ತೆ.)

ಸರಿ, ಇಷ್ಟೆಲ್ಲ ಹೇಳಿದ ಮೇಲೆ ನೀವೇನು ಮಾಡ್ತೀರಿ ಅಂತ ನಂಗೊತ್ತು. ‘ಒಳ್ಳೇ ಐಡಿಯಾ, ಒಂದು ಕಮಿಟಿ ಮಾಡೋಣ’ ಅಂತೀರಿ. ಕಮಿಟಿಗೆ ಒಂದು ಹೆಸರು, ಹೆಸರಿಗೊಂದು ಲೋಗೋ, ಲೋಗೋಗೆ ಮೂರು ಮೀಟಿಂಗು. ಅಷ್ಟರಲ್ಲಿ ಮುಂದಿನ ಯುಗಾದಿ. ಬೇಡ ಸಾರ್, ಬೇಡ ಮೇಡಂ. ಇವತ್ತೇ, ಆಫೀಸ್ ಬಾಗಿಲು ಹಾಕೋ ಮುಂಚೆ, ಹದಿನೈದು ನಿಮಿಷ ಕೂತ್ಕೊಳ್ಳಿ. ಮುಂದಿನ ತಿಂಗಳು ಇದೇ ತಾರೀಖಿಗೆ ಮತ್ತೆ ಕೂತ್ಕೊಳ್ಳಿ.

ಮೊದಲನೇ ಸಾಲು ಹೊಳೀತಿಲ್ವಾ? ತಗೊಳ್ಳಿ, ನಾನೇ ಕೊಡ್ತೀನಿ: ‘ಹೋದ ತಿಂಗಳು ನಮ್ಮಲ್ಲಿ ಒಂದು ಎಡವಟ್ಟಾಯ್ತು.’ ಎರಡನೇ ಸಾಲು ನೀವು ಬರೀಬೇಕು. ಯಾವ ಎಡವಟ್ಟು ಅಂತ ನನ್ನ ಯಾಕೆ ಕೇಳ್ತೀರಿ? ಡಿಸ್‌ಪ್ಯಾಚ್ ಸೆಕ್ಷನ್ನಿಗೆ ಹೋಗಿ ವಿಚಾರಿಸಿ, ಅವರಿಗೆ ಎಲ್ಲಾ ಗೊತ್ತು. ನಿಮಗೆ ಗೊತ್ತಾಗೋದು ಯಾವಾಗ ಅಂತ ಬೆಟ್ ಕಟ್ಕೊಂಡು ಕೂತಿದ್ದಾರೆ.